ಬೆಲ್ಲ ತಿಂದ ಫ್ಯಾನು

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮುಖ್ತಾರ್ ಅಹಮದ್ ಸಾಹೇಬರು ಇಪ್ಪತ್ತೆರಡು ವರ್ಷಗಳಿಂದ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಸುತ್ತಲಿನ ಕಬ್ಬಿನ ಗದ್ದೆಗಳ ಪಂಪ್‌ಸೆಟ್ಟುಗಳೆಲ್ಲ ಒಂದಲ್ಲ ಒಂದು ಸಲ ಅವರ ಮೇಜಿನ ಮೇಲೆ ಮಲಗಿ ಎದ್ದುಹೋದಂಥವು. ಸೀಲಿಂಗ್ ಫ್ಯಾನಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೋ ಕಂಡೆನ್ಸರ್ ಹೋಗಿದೆಯೋ ಹೇಳಿಬಿಡುತ್ತಿದ್ದರು. ಆದರೆ ಬೆಂಕಿಪೊಟ್ಟಣದಷ್ಟು ಫ್ಯಾನನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಕಂಪ್ಯೂಟರನ್ನು ೧೯೯೮ರ ಆ ಶನಿವಾರದವರೆಗೆ ಅವರು ಕಂಡಿರಲಿಲ್ಲ.

ತಂದವಳು ದಿವ್ಯ, ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಜೊತೆಗೆ ಬಂದವನು ಕ್ಯಾತನಹಳ್ಳಿಯಲ್ಲಿ ಆಲೆಮನೆ ನಡೆಸುವ ಲೋಕೇಶ್. ಅವನ ಆಲೆಮನೆಯಲ್ಲಿ ನಲವತ್ತೊಂದು ಕೊಪ್ಪರಿಗೆ ಪಾಕ ಕಾಯುವಾಗಿನ ಉಷ್ಣತೆಯನ್ನು ನಿಮಿಷ ನಿಮಿಷಕ್ಕೂ ಅಳೆದು ಅವಳು ಈ ಲ್ಯಾಪ್‌ಟಾಪಿಗೆ ತುಂಬಿದ್ದಳು. ಬೇರೆಲ್ಲೂ ನಕಲಿರಲಿಲ್ಲ. ಸೋಮವಾರ ಅದನ್ನು ಕಾಲೇಜಿಗೆ ಒಪ್ಪಿಸದಿದ್ದರೆ ಒಂದು ವರ್ಷದ ಕೆಲಸ ಹೋದಂತೆ.

"ಫ್ಯಾನ್ ತಿರುಗ್ತಿಲ್ಲ ಅನ್ಸುತ್ತೆ ಸರ್. ಆನ್ ಮಾಡಿದ ನಾಲ್ಕೇ ನಿಮಿಷಕ್ಕೆ ಕಾದು ಆರೋಗುತ್ತೆ. ಎದ್ದು ಕೂರೋಕೇ ಅದಕ್ಕೆ ಮೂರು ನಿಮಿಷ ಬೇಕು. ಫ್ಲಾಪಿಗೆ ಹಾಕ್ಕೊಳ್ಳೋಕೆ ಟೈಮೇ ಸಿಗ್ತಿಲ್ಲ."

"ಫ್ಯಾನ್ ಅಂದ್ಮೇಲೆ ಫ್ಯಾನೇ ಅಲ್ವಾ ಬೇಟಿ," ಎಂದರು ಸಾಹೇಬರು. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಸಾಲಾಗಿಟ್ಟರು. ಹದಿನಾಲ್ಕನೆಯದು ಬಂದಾಗ ಮುಚ್ಚಳ ಎದ್ದಿತು.

ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಫ್ಯಾನಿನ ರೆಕ್ಕೆಗಳ ನಡುವೆ ಒಂದು ಕಂದು ಗಡ್ಡೆ, ಅದರಲ್ಲಿ ಹೂತುಹೋದ ಇರುವೆಗಳು. ಬೆರಳಿಗೆ ಅಂಟಿದ್ದನ್ನು ಮೂಸಿದರು.

"ಯಾ ಅಲ್ಲಾ! ಬೆಲ್ಲ ಕಣ್ರಪ್ಪೋ ಇದು!"

ಲೋಕೇಶ್ ನೆಲ ನೋಡಿದ.

"ನಮ್ಮವ್ವನ ಕೆಲ್ಸ ಕಣ್ರೀ ಮೇಡಮ್ಮೋರೇ. ಒಸ ಬೆಲ್ಲ ಇಳುದ್ಮೇಲೆ ಗಾಣಕ್ಕೆ, ಕೊಪ್ಪರಿಗೆಗೆ, ಮೋಟ್ರಿಗೆ ಒಂದೊಂದು ಚೂರು ಮೆತ್ತೋದು ನಮ್ಮನೆ ಪದ್ದತಿ. ಈ ಮಿಷಿನ್ನೂ ನಮ್ಜೊತೆ ದುಡೀತದೆ, ಇದುಕ್ಕೂ ಒಂದ್ತುತ್ತು ಅಂತ ಆ ಜಾಲರಿ ಬಾಯ್ಗೆ ಇಟ್ಬುಟ್ಟವ್ಳೆ."

"ಒಂದೇ ಸಲ ತಾನೇ?" ಎಂದಳು ದಿವ್ಯ.

"ಕೊಪ್ಪರಿಗೆ ಇಳ್ದಾಗೆಲ್ಲ."

"ನಲವತ್ತೊಂದು ಸಲಾನಾ!" ಅವಳು ಅಲ್ಲೇ ಕುಸಿದು ಕೂತಳು.

"ತುತ್ತಲ್ಲ ಕಣ್ಲಾ, ಇಡೀ ಬೆಲ್ಲದಚ್ಚೇ ತಿನ್ಸವ್ರೆ," ಎಂದರು ಸಾಹೇಬರು.

ಅಭ್ಯಾಸಬಲದಿಂದ ಅವರು ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಒರೆಸಿದರು. ಗಡ್ಡೆ ಜಗ್ಗಲಿಲ್ಲ. ಬೆಲ್ಲ ಕರಗುವುದು ನೀರಿಗೆ. ಫ್ಯಾನನ್ನು ಕಳಚಿ ಹೊರತೆಗೆದು, ಬಿಸಿನೀರಿಗೆ ಅದ್ದಿ ಹಿಂಡಿದ ಹತ್ತಿಯಿಂದ ಒಂದೊಂದೇ ರೆಕ್ಕೆ ಒರೆಸಿದರು. ಒಂದು ಗಂಟೆ ಬಿಸಿಲಲ್ಲಿಟ್ಟರು. ಮೂರು ಟಾರ್ಚ್ ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿ ಫ್ಯಾನಿನ ತಂತಿಗಳನ್ನು ಮುಟ್ಟಿಸಿದಾಗ ಗುಯ್ ಎಂದು ತಿರುಗಿತು. ಮೂವರೂ ನಕ್ಕರು.

ಎಲ್ಲ ಮತ್ತೆ ಜೋಡಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಫ್ಯಾನು ತಿರುಗಲಿಲ್ಲ.

ಸಾಹೇಬರು ಜಾಲರಿಗೆ ಕಿವಿಯಿಟ್ಟರು. ಸ್ವಿಚ್ ಹಾಕಿದರೆ ಫ್ಯಾನು ತಿರುಗಬೇಕು. ಇಪ್ಪತ್ತೆರಡು ವರ್ಷ ಅವರು ಕಂಡದ್ದು ಅದನ್ನೇ. ತಮ್ಮ ಕೈಯಿಂದಲೇ ಈ ಹುಡುಗಿಯ ವರ್ಷ ಹಾಳಾಯಿತೆ?

"ಮೊದ್ಲು ಆನ್ ಮಾಡಿದ್ ತಕ್ಷಣ ತಿರುಗ್ತಿತ್ತಾ ಬೇಟಿ?"

"ಗೊತ್ತಿಲ್ಲ ಸರ್. ಆ ಗಾಣದ ಗಲಾಟೇಲಿ ಇದರ ಸದ್ದೇ ಕೇಳಿಸ್ತಿರ್ಲಿಲ್ಲ."

ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಕಳೆಯಿತು. ಮೂರಾಯಿತು. ಲ್ಯಾಪ್‌ಟಾಪಿನ ತಳ ಸುಡತೊಡಗಿತು.

"ಆರುಸ್ಬುಡಿ ಸಾಬ್ರೇ, ಸುಟ್ಟೋಯ್ತದೆ!" ಎಂದು ಲೋಕೇಶ್ ಕೂಗಿದ.

ಸಾಹೇಬರ ಬೆರಳು ಗುಂಡಿಯನ್ನು ಮುಟ್ಟಿತ್ತು. ಆಗ ಒಳಗಿನಿಂದ ಗುಯ್ಯೆಂಬ ಸದ್ದು ಬಂತು. ಜಾಲರಿಯಿಂದ ಬಿಸಿಗಾಳಿ ಹೊರಟು ಅವರ ಮಣಿಕಟ್ಟಿಗೆ ಬಡಿಯಿತು. ಅದಕ್ಕಿನ್ನೂ ಬೆಲ್ಲದ ವಾಸನೆ.

"ಕಾದ ಮೇಲೇ ತಿರುಗೋದಾ ಇದು!" ಸಾಹೇಬರು ಗುಂಡಿಯಿಂದ ಬೆರಳು ತೆಗೆದರು. "ಸೆಕೆ ಆದಾಗ ತಾನೇ ಗಾಳಿ ಬೀಸ್ಕೋತದಲ್ಲಪ್ಪಾ!"

ದಿವ್ಯ ಆಗಲೇ ಫ್ಲಾಪಿ ತುರುಕಿದ್ದಳು. ನಾಲ್ಕನೆಯ ನಿಮಿಷ ಬಂತು, ಹೋಯಿತು. ಐದು. ಆರು. ನಲವತ್ತೊಂದು ಕೊಪ್ಪರಿಗೆಗಳ ಅಳತೆಯೂ ಫ್ಲಾಪಿಗೆ ಇಳಿದ ಮೇಲೆ ಅವಳು ಮುಖ ಮುಚ್ಚಿಕೊಂಡು ಅತ್ತಳು.

ಲೋಕೇಶ್ ಸಂಕೋಚದಿಂದ ಚೀಲ ಬಿಚ್ಚಿದ. "ರಿಪೇರಿ ಸಾಬ್ರಿಗೆ ಅಂತ ಅವ್ವ ಕೊಟ್ಟವ್ಳೆ," ಎನ್ನುತ್ತ ಎರಡು ಅಚ್ಚು ಬೆಲ್ಲವನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟ.

"ಲೇ ಲೇ ಲೇ!" ಸಾಹೇಬರು ಎರಡನ್ನೂ ಬಾಚಿ ಎತ್ತಿಕೊಂಡು ಅಂಗಡಿಯ ಆ ತುದಿಗೆ ಓಡಿದರು.