ರಿಲೀವರ್ ಹೆಸರು ಕೇಳಿದ ಸಿಸ್ಟರಮ್ಮ

ನನ್ನ ಹಾಳೆಯನ್ನು ದೆಹಲಿಯಲ್ಲಿ ಓದಿದರು. ಓದಿದವಳು ನನ್ನ ಮೊಮ್ಮಗಳು! ಮರೆವಿನ ಕಾಯಿಲೆಯವರಿಗೆ ದೇಶಕ್ಕೆಲ್ಲ ಒಂದು ಯೋಜನೆ ಬರೆಯುತ್ತಿರುವ ದೊಡ್ಡವರ ಮುಂದೆ ನಿಂತು, ಮೂರನೇ ಕ್ಲಾಸು ಓದಿದ ಈ ಅಜ್ಜಿಯ ಕೈಬರಹವನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ನೋಡಿಕೊಳ್ಳುವವರಿಗೂ ಬಿಡುವು ಬೇಕು, ಹಗಲು ಹೊತ್ತು ರೋಗಿಯನ್ನು ಬಿಟ್ಟುಬರಲು ಊರೂರಲ್ಲಿ ಜಾಗ ಬೇಕು ಎಂಬ ಮಾತನ್ನು ಕರಡಿನಲ್ಲಿ ಸೇರಿಸಿಕೊಂಡರಂತೆ. ಫೋನಿನಲ್ಲಿ ಅವಳು ಅದನ್ನು ಹೇಳುವಷ್ಟರಲ್ಲಿ ನಾನು ಒಗ್ಗರಣೆ ಸೀಯಿಸಿಬಿಟ್ಟಿದ್ದೆ. ಸೀಯಲಿ ಬಿಡಿ.

ಈ ಸುದ್ದಿಯನ್ನು ಮೊದಲು ಹೇಳಬೇಕಾಗಿದ್ದು ಸಿಸ್ಟರಮ್ಮನಿಗೆ. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಎದೆಯ ಮೇಲೆ ಸೀರೆಗೆ ಪಿನ್ನು ಚುಚ್ಚಿ ತಲೆಕೆಳಗಾಗಿ ನೇತುಬಿಟ್ಟಿದ್ದ ಆ ಪುಟ್ಟ ಗಡಿಯಾರ. ಯಾರಾದರೂ ಮಾತು ಶುರುಮಾಡಿದರೆ ಎರಡು ಬೆರಳಲ್ಲಿ ಅದನ್ನೆತ್ತಿ ನೋಡುತ್ತಿದ್ದರು. ಹೊರಡುವ ಆತುರವೇನೋ ಎಂದು ಮೊದಮೊದಲು ನನಗೆ ಸಿಟ್ಟು. ಒಂದು ದಿನ ನಾನು ಅತ್ತು ಮುಗಿಸಿದ ಮೇಲೆ ಮತ್ತೆ ಗಡಿಯಾರ ನೋಡಿ ಹೇಳಿದರು: “ನಲವತ್ತು ನಿಮಿಷ ಮಾತಾಡಿದ್ರಿ ಅಕ್ಕ. ಹೀಗೆ ಮಾತಾಡಿ ಎಷ್ಟು ದಿನ ಆಗಿತ್ತು?”

ಅವರು ಜಾಲಹಳ್ಳಿಯ ಫ್ಯಾಕ್ಟರಿ ಡಿಸ್ಪೆನ್ಸರಿಯಲ್ಲಿ ನರ್ಸಾಗಿದ್ದವರು. ನಮ್ಮ ಯಜಮಾನರು ಅದೇ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದರು. ರಿಟೈರಾಗಿ ಏಳೆಂಟು ವರ್ಷದ ಮೇಲೆ ಅವರಿಗೆ ಈ ಮರೆವು ಬಂತು. ಬೆಳಗಾದರೆ ಟೋಪಿ ಹಾಕಿಕೊಂಡು, ಟಿಫನ್ ಡಬ್ಬಿ ಹಿಡಿದು, ದಾಸರಹಳ್ಳಿಯ ಮೂಲೆಗೆ ಹೋಗಿ ನಿಲ್ಲುವರು. ಫ್ಯಾಕ್ಟರಿ ಬಸ್ಸು ಬರುತ್ತಿದ್ದ ಜಾಗ ಅದು, ಈಗ ಅಲ್ಲಿ ಮೆಟ್ರೋ ಕಂಬ. ಅರವತ್ತಕ್ಕೆ ಅರಳುಮರಳು ಅಂತ ಸುಮ್ಮನೆ ಹೇಳ್ತಾರಾ ಎಂದು ಎದುರು ಮನೆಯವಳು ನಕ್ಕಳು. ನಾಚಿಕೆಯಾಗಿ ಗೇಟಿಗೆ ಬೀಗ ಹಾಕಿದೆ. ಅವರು ಡ್ಯೂಟಿಗೆ ಲೇಟಾಯಿತೆಂದು ಗೇಟು ಬಡಿದು ಬಡಿದು ಕೈ ಊದಿಸಿಕೊಂಡರು.

ಆ ಊದಿದ ಕೈ ತೋರಿಸಲೆಂದೇ ಸಿಸ್ಟರಮ್ಮನನ್ನು ಹುಡುಕಿಕೊಂಡು ಹೋದದ್ದು. ಅವರ ಗಂಡನೂ ಇದೇ ಕಾಯಿಲೆಯಲ್ಲಿ ಹೋಗಿದ್ದರು. ಆಮೇಲೆ ಇಂಥ ಮನೆಗಳವರನ್ನು ಸೇರಿಸಿ ಒಂದು ಸಂಘ ಕಟ್ಟಿದ್ದರು. ಮಾರನೇ ಬೆಳಿಗ್ಗೆ ಸಿಸ್ಟರಮ್ಮ ನಮ್ಮ ಮನೆಗೆ ಬಂದು ಮೊದಲು ಗೇಟಿನ ಬೀಗ ತೆಗೆಸಿದರು. ಯಜಮಾನರ ಜೊತೆ ಮೂಲೆಯವರೆಗೆ ನಡೆದು, ಹತ್ತು ನಿಮಿಷ ಬಸ್ಸು ಕಾದು, ಗಡಿಯಾರ ಎತ್ತಿ ನೋಡಿದರು. “ಸಾರ್, ಇವತ್ತು ವೀಕ್ಲಿ ಆಫ್ ಅಲ್ವಾ? ಬನ್ನಿ, ಮನೇಲಿ ಕಾಫಿ ಕುಡಿಯೋಣ.” ಯಜಮಾನರು ಹೌದಲ್ಲ ಎಂದು ತಿರುಗಿ ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೆ ಏಳು ವೀಕ್ಲಿ ಆಫ್.

ನಮ್ಮ ಸಂಘ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಸೇರುತ್ತಿತ್ತು. ಬೇರೆ ಬೇರೆ ರಾಜ್ಯದಲ್ಲೂ ಇಂಥ ಸಂಘಗಳಿವೆ, ಎಲ್ಲರೂ ಸೇರಿ ದೆಹಲಿಯನ್ನು ಕೇಳಬೇಕು, ಒಂದೊಂದು ಮನೆಯವರೂ ಒಂದೊಂದು ಹಾಳೆ ಬರೆಯಬೇಕು ಎಂದರು ಸಿಸ್ಟರಮ್ಮ. ನನಗೆ ಬರೆದು ಅಭ್ಯಾಸವಿಲ್ಲವಲ್ಲ! ಅರ್ಜಿ ಬರೆಯುವವನ ಹತ್ತಿರ ಹೋಗಿ, ಬಡವರಾದ ನಮ್ಮ ಮೇಲೆ ದಯೆಯಿಟ್ಟು ಕಾಪಾಡಬೇಕೆಂದು ಬರೆಸಿಕೊಂಡು ಬಂದೆ. ಸಂಘದ ಬೇರೆಯವರೂ ಅವನ ಹತ್ತಿರವೇ ಹೋಗಿದ್ದರು. ಹತ್ತು ಹಾಳೆಯಲ್ಲೂ ಅದೇ ದಯೆ.

ಸಿಸ್ಟರಮ್ಮ ಎಲ್ಲವನ್ನೂ ವಾಪಸ್ ಕೊಟ್ಟರು. “ಇದರಲ್ಲಿ ನಿಮ್ಮ ಮನೆ ಎಲ್ಲಿದೆ ಅಕ್ಕ? ಪಾಪ ಅನ್ಸೋದು ಬೇಡ. ಶಿಫ್ಟ್ ಬುಕ್ ಬರೀರಿ.”

ಸ್ಕೇಲಿಟ್ಟು ಗೆರೆ ಎಳೆದುಕೊಟ್ಟರು. ಸಮಯ, ಮಾಡಿದ ಕೆಲಸ, ರಿಲೀವರ್ ಹೆಸರು. ಫ್ಯಾಕ್ಟರಿಯವರ ಹೆಂಡತಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಶಿಫ್ಟಿನ ರಿಲೀವರ್ ಬಂದು ನಿಲ್ಲುವ ತನಕ ಯಜಮಾನರು ಮೆಷಿನ್ ಬಿಟ್ಟು ಬರುತ್ತಿರಲಿಲ್ಲ. ನಾನು ನಾಲ್ಕು ದಿನ ಕೂತು ಒಂದು ದಿನದ್ದನ್ನು ಬರೆದೆ. ಐದು ಗಂಟೆ, ಹಾಸಿಗೆ ಒದ್ದೆ, ಒಗೆದೆ. ಏಳು ಗಂಟೆ, ಬಸ್ ಸ್ಟಾಪು. ಒಂಬತ್ತು ಗಂಟೆ, ನೀನು ಯಾರಮ್ಮ ಎಂದು ಕೇಳಿದರು, ಹೇಳಿದೆ. ರಿಲೀವರ್ ಹೆಸರಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ‘ಯಾರೂ ಇಲ್ಲ’ ಎಂದು ಬರೆದೆ.

ಅದು ಮಗನ ಕಣ್ಣಿಗೆ ಬಿತ್ತು. ಅವನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ, ಸೊಸೆಗೆ ಗಾರ್ಮೆಂಟ್ಸಿನಲ್ಲಿ. “ಯಾರೂ ಇಲ್ಲ ಅಂದ್ರೆ ನಾವೇನು ಸತ್ತೋಗಿದ್ದೀವಾ ಅಮ್ಮ? ದಿಲ್ಲಿ ತನಕ ಮಾನ ಕಳೀತೀಯಾ?” ಎಂದ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಹಾಳೆಯನ್ನು ಮಡಚಿ ಅಕ್ಕಿ ಡಬ್ಬದಲ್ಲಿಟ್ಟೆ, ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ.

ಸಿಸ್ಟರಮ್ಮ ತಾವೇ ಬಂದರು. ಮಗನನ್ನು ಬೈಯಲಿಲ್ಲ. ಬೆಳಿಗ್ಗೆ ಎಷ್ಟಕ್ಕೆ ಹೋಗ್ತೀಯ, ನಿನ್ನ ಮೆಷಿನ್ ಯಾರಿಗೆ ಬಿಟ್ಟು ಬರ್ತೀಯ ಎಂದು ಕೇಳಿದರು. ಅವನು ಒಂದು ಹೆಸರು ಹೇಳಿದ. “ನೋಡು ಮಗಾ, ನಿನಗೆ ರಿಲೀವರ್ ಇದಾನೆ. ನಿಮ್ಮಮ್ಮನಿಗೆ ಇಲ್ಲ. ನಾವು ದೂರು ಬರೀತಿರೋದು ನಿನ್ನ ಮೇಲಲ್ಲ ಕಣಪ್ಪ, ಆ ಖಾಲಿ ಜಾಗದ ಮೇಲೆ.” ಮಗ ಎದ್ದುಹೋಗಿ ತಾನೇ ಅಕ್ಕಿ ಡಬ್ಬದಿಂದ ಹಾಳೆ ತಂದುಕೊಟ್ಟ.

ಟೈಪ್ ಮಾಡಿಸೋಣ ಎಂದಳು ಮೊಮ್ಮಗಳು. ಬೇಡ, ಕೈ ನಡುಗಿದ್ದು ಟೈಪಿನಲ್ಲಿ ಕಾಣುವುದಿಲ್ಲ ಎಂದರು ಸಿಸ್ಟರಮ್ಮ. ಎಲ್ಲ ಹಾಳೆಗಳನ್ನೂ ಮುದುರದಂತೆ ಒಂದು ಹಳೆಯ ಎಕ್ಸ್‌ರೇ ಕವರಿನಲ್ಲಿಟ್ಟರು. ದೆಹಲಿಗೆ ತಾವೇ ಒಯ್ಯಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ, ಕಾಫಿ ಲೋಟ ಕೈಯಲ್ಲಿದ್ದಂತೆಯೇ ಎದೆನೋವೆಂದು ಕೂತವರು ಏಳಲಿಲ್ಲ. ಕವರು ಅವರ ಬಟ್ಟೆ ಚೀಲದಲ್ಲೇ ಇತ್ತು. ಸಂಘದವರು ಅದನ್ನು ಹಿಂದಿ ಬರುವ ನನ್ನ ಮೊಮ್ಮಗಳ ಕೈಗೆ ಕೊಟ್ಟು ದೆಹಲಿಗೆ ಕಳಿಸಿದರು.

ಕರಡಿನಲ್ಲಿ ಬರೆದದ್ದು ನಮ್ಮ ಬೀದಿಗೆ ಬರಲು ಇನ್ನೆಷ್ಟು ದಿನವೋ, ಅದು ನನಗೂ ಗೊತ್ತು. ಆದರೂ ಇವತ್ತು ಅವರೇಕಾಳು ಸಾರು ಮಾಡಿದೆ, ಮುದ್ದೆ ತಿರುವಿದೆ. ಸಂಜೆ ಮೊಮ್ಮಗಳು ದೆಹಲಿಯಿಂದ ಬಂದು ಎಕ್ಸ್‌ರೇ ಕವರನ್ನು ದೇವರ ಮುಂದಿಟ್ಟಳು. ಎಲ್ಲರೂ ಕೆಳಗೆ ಸಾಲಾಗಿ ಕೂತರು. ನಾನು ಎಂದಿನಂತೆ ಯಜಮಾನರ ತಟ್ಟೆ ಹಿಡಿದು ಅವರ ಮಂಚದ ಹತ್ತಿರ ಹೋದೆ. ಅವರಿಗೆ ಉಣ್ಣಿಸಿ ಮುಗಿಸುವ ಹೊತ್ತಿಗೆ ಮನೆಯವರೆಲ್ಲ ಎದ್ದಿರುತ್ತಾರೆ, ನನ್ನ ಮುದ್ದೆ ಕಲ್ಲಾಗಿರುತ್ತದೆ.

ಮಗ ಕೈ ತೊಳೆದು ಬಂದು ನಿಂತ. “ಅಮ್ಮ, ರಿಲೀವರ್ ಬಂದಿದಾನೆ. ತಟ್ಟೆ ಕೊಡು.”

ಯಜಮಾನರು ಅವನನ್ನೇ ದಿಟ್ಟಿಸಿ ನೋಡಿ, “ಹೊಸಬನಾ?” ಎಂದರು.

“ಹೂಂ ಸಾರ್, ಇವತ್ತೇ ಸೇರಿದ್ದು.”

“ನಿಧಾನಕ್ಕೆ ಕಲ್ತ್ಕೋ” ಎಂದು ಬಾಯಿ ತೆರೆದರು. ಸೊಸೆ ನಕ್ಕು ಕಣ್ಣೊರೆಸಿಕೊಂಡಳು.

ನಾನು ಅವಳ ಮತ್ತು ಮೊಮ್ಮಗಳ ನಡುವೆ ಕೂತೆ. ಮುದ್ದೆ ಮುರಿದರೆ ಬೆರಳು ಚುರ್ರೆಂದಿತು. ಮುದ್ದೆ ಇಷ್ಟು ಬಿಸಿಯಾಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಎರಡನೇ ಸಲ ಸಾರು ಹಾಕಿಸಿಕೊಂಡೆ.