ರುಬ್ಬುವ ಯಂತ್ರಕ್ಕಿಟ್ಟ ಕುಂಕುಮ

ಅವತ್ತು ಒಂದು ಡ್ರಮ್ ದೋಸೆ ಹಿಟ್ಟು ಚೆಲ್ಲಿಸಿದೆ. ಆಯುಧಪೂಜೆಯ ಬೆಳಿಗ್ಗೆ ಯಾರೋ ರುಬ್ಬುವ ಯಂತ್ರದ ಅಂಚಿಗೆ ಇಟ್ಟಿದ್ದ ಕುಂಕುಮ ಹಿಟ್ಟಿನೊಳಗೆ ಉದುರಿತ್ತು. ಹ್ಯೂಸ್ಟನ್ನಿನ ಈ ದೋಸೆ ಹಿಟ್ಟಿನ ಕಾರ್ಖಾನೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ನಾನು ಎಲ್ಲದಕ್ಕೂ ಚೌಕಾಸಿ ಮಾಡುತ್ತೇನೆ, ಹಿಟ್ಟಿನ ಶುದ್ಧತೆಯೊಂದಕ್ಕೆ ಇಲ್ಲ.

“ಯಾರಿಟ್ಟಿದ್ದು?” ಎಂದೆ ಜೋರಾಗಿ.

ಹಿಟ್ಟು ರುಬ್ಬುವ ಸರೋಜಾ ಆಂಟಿ ಮುಂದೆ ಬಂದರು. “ನಾನೇ ಕಣಪ್ಪಾ. ಊರಲ್ಲಿ ನಮ್ಮ ಯಜಮಾನ್ರ ಗಿರಣಿಗೆ ನಾನೇ ಇಡ್ತಿದ್ದೆ. ಅವರು ತೀರ್ಕೊಂಡ್ಮೇಲೆ ಬೊಟ್ಟಿಡೋಕೆ ನಂಗೊಂದು ಮೆಷಿನ್ನೇ ಇರ್ಲಿಲ್ಲ.”

ಆಂಟಿ ಯಂತ್ರವನ್ನು ತಾವೇ ತೊಳೆದರು. ಕುಂಕುಮವಿದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತರು.

ಉಸ್ತುವಾರಿ ನೋಡುವವರಿಗೆ ನನ್ನ ಸಲಹೆ: ಪೂಜೆ ಬೇಡ ಎಂದು ಬೋರ್ಡ್ ಹಾಕಬೇಡಿ, ಕದ್ದು ಮಾಡುತ್ತಾರೆ. ಹಿಟ್ಟಿನ ಹತ್ತಿರ ಸುಳಿಯದ, ಹೊರಗೆ ನಿಲ್ಲುವ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯನ್ನು ಪೂಜೆಗೆ ತೋರಿಸಿ, ಕುಂಕುಮದ ಬಟ್ಟಲನ್ನು ನೀವೇ ತಂದುಕೊಡಿ.