ಬರಿಗಾಲಿಗೊಂದು ಬದು

ಗಾವಡಗೆರೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನುಗಳ ಸದ್ದು ಈಗಷ್ಟೇ ಶುರುವಾಗಿದೆ. ಕುಳ್ಳಯ್ಯನವರು ಮನೆಯ ಜಗಲಿಯ ಮೇಲೆ ಮಂಡಿಯೂರಿ ಕುಳಿತು ಒಂದು ಮರದ ಹಲಗೆಯ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಎಲ್ಲೋ ಒಂದು ಧೂಳಿನ ಕಣ ಕೈಗೆ ಸಿಕ್ಕಿರಬೇಕು. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಅಂಗೈ ಆಡಿಸುತ್ತಾರೆ. ಪಕ್ಕದಲ್ಲಿ ವೆಲ್ಕ್ರೋ ಪಟ್ಟಿಯ ಸುರುಳಿಗಳಿವೆ. ಮಕ್ಕಳ ಬೂಟಿಗೆ, ಬ್ಯಾಗಿಗೆ ಇರುತ್ತದಲ್ಲ, ಎಳೆದರೆ ಪರ್ರೆಂದು ಬಿಡುವ ಪಟ್ಟಿ, ಅದೇ. ಜೋಡಿಯಲ್ಲಿ ಒಂದು ಮುಳ್ಳುಮುಳ್ಳು, ಇನ್ನೊಂದು ಮೆತ್ತಗೆ.

ಈ ಹಲಗೆ ಗಿಟಾರ್ ನುಡಿಸುವವರ ಕಾಲ ಬಳಿ ಇರುವಂಥದ್ದು. ಆರ್ಕೆಸ್ಟ್ರಾ ನೋಡಿದವರು ಗಮನಿಸಿರಬಹುದು, ಗಿಟಾರಿನವರು ಆಗಾಗ ಕಾಲಿನಿಂದ ಏನನ್ನೋ ಅದುಮುತ್ತಾರೆ. ಅವೇ ಪೆಡಲ್‌ಗಳು, ಅಂಗೈಯಗಲದ ಲೋಹದ ಡಬ್ಬಿಗಳು. ಒಂದನ್ನು ಅದುಮಿದರೆ ತಂತಿ ಗುಡುಗುತ್ತದೆ, ಇನ್ನೊಂದನ್ನು ಅದುಮಿದರೆ ಬಾವಿಯೊಳಗೆ ಕೂಗಿದಂತೆ ಮಾರ್ದನಿ ಬರುತ್ತದೆ. ಕುಳ್ಳಯ್ಯನವರು ಇವಕ್ಕೆ ಗುಡುಗು ಡಬ್ಬಿ, ಬಾವಿ ಡಬ್ಬಿ ಎಂದು ತಾವೇ ನಾಮಕರಣ ಮಾಡಿದ್ದಾರೆ. ಡಬ್ಬಿಯ ತಳಕ್ಕೊಂದು ಪಟ್ಟಿ, ಹಲಗೆಗೆ ಅದರ ಜೋಡಿ ಪಟ್ಟಿ ಅಂಟಿಸಿದರೆ ಎಷ್ಟು ತುಳಿದರೂ ಡಬ್ಬಿ ಅಲುಗುವುದಿಲ್ಲ, ಬೇಕೆಂದಾಗ ಕಿತ್ತು ಚೀಲಕ್ಕೆ ಹಾಕಿಕೊಳ್ಳಬಹುದು. ಕೇಳಲು ಮಕ್ಕಳಾಟದಂತಿದೆ. ಕುಳ್ಳಯ್ಯನವರೂ ಹಾಗೆಂದುಕೊಂಡೇ ಕೆಟ್ಟರು.

ಮೀಸೆ ಮೂಡುವ ಮೊದಲೇ ಉಳಿ ಹಿಡಿದವರು ಅವರು. ಹುಣಸೂರು ಸೀಮೆಯ ಹೊಗೆಸೊಪ್ಪು ಬೇಯಿಸುವ ಕಾವುಮನೆಗಳಿಗೆ, ಅಂದರೆ ಬ್ಯಾರನ್‌ಗಳಿಗೆ, ಬಾಗಿಲು, ತೊಲೆ, ಅಡ್ಡಗಳು ಎಂದು ಮಾಡುತ್ತಲೇ ತಲೆ ನರೆಯಿತು. ಸೊಪ್ಪಿನ ಕಾಲ ಮುಗಿದರೆ ಹಾರ್ಮೋನಿಯಂ ಪೆಟ್ಟಿಗೆ, ಸ್ಪೀಕರ್ ಡಬ್ಬ. ಊರ ಭಜನೆ ಮನೆಯ ಅರ್ಧ ಸಾಮಾನು ಅವರ ಕೈಯದೇ. ಹೆಂಡತಿ ಚಿಕ್ಕಬೀರಮ್ಮ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಮೆಷಿನ್ನು ಇಟ್ಟುಕೊಂಡು ಸ್ಕೂಲ್ ಬ್ಯಾಗು ಹೊಲಿಯುತ್ತಾರೆ. ಗಂಡನ ಮರದ ಹೊಟ್ಟು, ಹೆಂಡತಿಯ ದಾರದ ತುಂಡು, ಯಾರದನ್ನು ಯಾರು ಗುಡಿಸಬೇಕು ಎಂಬ ವ್ಯಾಜ್ಯ ಮದುವೆಯಾದಂದಿನಿಂದ ಇತ್ಯರ್ಥವಾಗಿಲ್ಲ.

ಹೋದ ವರ್ಷ ಕೆ.ಆರ್. ನಗರದ ಆರ್ಕೆಸ್ಟ್ರಾ ಯಜಮಾನ ಕನಕರಾಜು ಸ್ಪೀಕರ್ ಡಬ್ಬ ರಿಪೇರಿಗೆ ಬಂದವರು, ತಮ್ಮ ಗಿಟಾರಿನ ಹುಡುಗನಿಗೊಂದು ಪೆಡಲ್ ಹಲಗೆ ಮಾಡಿಕೊಡಿ ಎಂದರು. ಗಿಟಾರಿನವನು ಚುಂಚನಕಟ್ಟೆಯ ಶಿವಶಂಕರ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಕಣ್ಣಿದ್ದವರು ಬಗ್ಗಿ ನೋಡಿ ಡಬ್ಬಿ ತುಳಿಯುತ್ತಾರೆ. ಬರಿಗಾಲಲ್ಲಿ ತಡಕಿ ತುಳಿಯುವ ಶಿವಶಂಕರನಿಗೆ ಡಬ್ಬಿ ನಿನ್ನೆ ಇದ್ದ ಕಡೆಯೇ ಇವತ್ತೂ ಇರಬೇಕು. ಬೆರಳಗಲ ಸರಿದರೂ ಅವನ ಪಾಲಿಗೆ ಅದು ಕಳೆದುಹೋದಂತೆ.

ಕುಳ್ಳಯ್ಯನವರು ಹಳೇ ಬ್ಯಾರನ್ನಿನ ಬಾಗಿಲ ಹಲಗೆಯನ್ನೇ ಆರಿಸಿದರು. ವರ್ಷಗಟ್ಟಲೆ ಬೆಂಕಿಯ ಕಾವು ಉಂಡ ಮರ ಇನ್ನು ಬಾಗುವ ಮಾತಿಲ್ಲ ಎಂಬ ಲೆಕ್ಕ. ಮೇಲ್ಮೇಲೆ ಉಜ್ಜಿ, ಅಂಟು ಸಮೇತ ಬರುವ ವೆಲ್ಕ್ರೋ ತಂದು ಒತ್ತಿಬಿಟ್ಟರು. ಗಣೇಶನ ಹಬ್ಬಕ್ಕೆ ಪಿರಿಯಾಪಟ್ಟಣದಲ್ಲಿ ಕಾರ್ಯಕ್ರಮ. ತಮ್ಮ ಹಲಗೆ ವೇದಿಕೆ ಏರುವುದನ್ನು ನೋಡಲು ಗಂಡಹೆಂಡಿರಿಬ್ಬರೂ ಬಸ್ಸು ಹತ್ತಿ ಹೋಗಿ ಮುಂದೆಯೇ ಕುಳಿತರು.

ತಾಯಿಯ ಮೇಲಿನ ಹಾಡು ನಡೆದಿತ್ತು. ಚರಣದ ಕೊನೆಗೆ ಮಾರ್ದನಿ ಬರಬೇಕು. ಅಷ್ಟರಲ್ಲಿ ವೇದಿಕೆಯ ದೀಪಗಳ ಕಾವಿಗೆ ಪಟ್ಟಿಯ ಅಂಟು ಬಿಟ್ಟು ಡಬ್ಬಿಗಳು ಪಟ್ಟಿ ಸಮೇತ ಜಾರಿದ್ದವು. ಶಿವಶಂಕರ ತುಳಿದದ್ದು ಗುಡುಗು ಡಬ್ಬಿಯನ್ನು. ಅಮ್ಮನ ಲಾಲಿಯ ನಡುವೆ ಗಿಟಾರ್ ಘರ್ಜಿಸಿತು. ಜನ ಗೊಳ್ಳೆಂದು ನಕ್ಕು ಸಿಳ್ಳೆ ಹೊಡೆದರು. ಅವನು ಕಾಲಲ್ಲಿ ತಡಕಿದ, ಸಿಗಲಿಲ್ಲ. ನುಡಿಸುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ಕುಳ್ಳಯ್ಯನವರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮರುದಿನದಿಂದ ಶಿವಶಂಕರ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟ.

ಹಲಗೆಯನ್ನು ಮನೆಗೆ ತಂದು ಪಟ್ಟಿ ಕಿತ್ತು ಮೂಸಿ ನೋಡಿದರೆ, ಹೊಗೆಸೊಪ್ಪಿನ ಘಾಟು. ಸೊಪ್ಪು ಬೇಯುವಾಗ ಬಿಡುವ ಜಿಗುಟು ಮೇಣ ವರ್ಷಾನುಗಟ್ಟಲೆ ಮರದೊಳಕ್ಕೆ ಇಳಿದಿತ್ತು. ಕಾವು ತಗುಲಿದ್ದೇ ಅದು ಮೇಲೆದ್ದು ಅಂಟನ್ನು ಕರಗಿಸಿತ್ತು.

"ಸೊಪ್ಪಿನ ಮೇಣ ಕೈಗಂಟುದ್ರೆ ಸೋಪಾಕುದ್ರೂ ಓಗಲ್ಲ ಸಾ," ಎನ್ನುತ್ತಾರೆ ಕುಳ್ಳಯ್ಯ, ಪಕ್ಕದಲ್ಲಿ ಕುಳಿತ ನನಗೆ, ಹಲಗೆಯಿಂದ ಕಣ್ಣೆತ್ತದೆ. "ಮರಾನೂ ಅದ್ನ ಕುಡ್ದಿರ್ತದೆ ಅಂತ ಬೇರೆ ಯಾರ್ಗೂ ಗೊತ್ತಿಲ್ದಿದ್ರೂ ನಂಗೊತ್ತಿರ್ಬೇಕಿತ್ತು. ಜನ ನಗ್ಬೇಕಿದ್ದದ್ದು ನನ್ನ ನೋಡಿ ಕಣ ಸಾ. ಆ ಉಡುಗುನ್ನ ನೋಡಿ ನಕ್ರು."

ಸುಮ್ಮನಿರಲಾಗದೆ ಚುಂಚನಕಟ್ಟೆಗೆ ಹೋದರು. ಶಿವಶಂಕರ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಗದ್ದೆಯ ಕಡೆ ಹೋಗಿ ಬರೋಣ ಎಂದು ತಾನೇ ಮುಂದೆ ನಡೆದ. ನಾಟಿ ಮಾಡಿದ ಗದ್ದೆಗಳ ನಡುವೆ ಅಡಿಯಗಲದ ಬದು. ಬರಿಗಾಲಿನ ಶಿವಶಂಕರ ಮಾತಾಡುತ್ತಲೇ ಅದರ ಮೇಲೆ ಸಲೀಸಾಗಿ ಸಾಗಿದರೆ, ಎರಡು ಕಣ್ಣಿದ್ದ ಕುಳ್ಳಯ್ಯ ಕಾಲು ಜಾರಿ ಮಂಡಿಯವರೆಗೆ ಕೆಸರಿಗೆ ಬಿದ್ದರು. ಕೈಕೊಟ್ಟು ಎತ್ತುತ್ತಾ ಶಿವಶಂಕರ ಒಂದು ಮಾತು ಹೇಳಿದ: "ಕಾಲ್ಗೆ ಬದು ಸಿಕ್ಬುಟ್ರೆ ಸಾಕು ಕಣಣ್ಣ, ಗದ್ದೆ ಎಲ್ಲೈತೆ ಅಂತ ಅದೇ ಏಳ್ತದೆ."

ಕೆಸರು ಪಂಚೆಯಲ್ಲೇ ಬಸ್ಸು ಹತ್ತಿದ ಕುಳ್ಳಯ್ಯನವರ ತಲೆಯಲ್ಲಿ ಊರು ಮುಟ್ಟುವ ತನಕ ಅದೇ ಮಾತು.

ಈ ಸಲ ಬ್ಯಾರನ್ನಿನ ಮರದ ಸಹವಾಸವೇ ಬೇಡವೆಂದು ಹೊಸ ಹಲಸಿನ ಹಲಗೆ ತಂದರು. ಉಜ್ಜುಗೊರಡು ಹೊಡೆದು, ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಧೂಳು ತೆಗೆದರು. ಮುಳ್ಳುಪಟ್ಟಿ ಹಲಗೆಯ ಮೇಲಿರಲಿ ಎಂಬುದು ಗಂಡನ ವಾದ, ಹಿಡಿತ ಹೆಚ್ಚೆಂದು. ಚಿಕ್ಕಬೀರಮ್ಮ ಒಪ್ಪಲಿಲ್ಲ. ಮೆಷಿನ್ನು ನಿಲ್ಲಿಸಿ, ಗಂಡನ ಅಂಗಾಲಿಗೇ ಮುಳ್ಳುಪಟ್ಟಿ ಒಂದು ಸಲ ಉಜ್ಜಿದರು. "ಇಡೀ ಹಾಡು ಇದ್ರ ಮ್ಯಾಲೆ ಕಾಲಿಡಿ ನೋಡಾನ," ಎಂದರಷ್ಟೆ. ಮುಳ್ಳು ಡಬ್ಬಿಯ ತಳಕ್ಕೆ ಹೋಯಿತು, ಮೆತ್ತನೆಯದು ಹಲಗೆಯ ಮೇಲೆ ಬಂತು.

ಈಗ ಜಗಲಿಯಲ್ಲಿ ನಡೆಯುತ್ತಿರುವುದು ಅದೇ ಕೆಲಸ. ಹಲಗೆಗೂ ಪಟ್ಟಿಗೂ ಪಂಕ್ಚರ್ ಅಂಗಡಿಯ ಸಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ, ಒಂದು ತುದಿಯಿಂದ ಗಾಳಿ ಹೊರಹೋಗುವಂತೆ ಒತ್ತುತ್ತಾರೆ. ನಂಬಿಕೆ ಸಾಲದೆ ಅಂಚಿಗೆ ಸಣ್ಣ ಮೊಳೆಗಳನ್ನೂ ಹೊಡೆದು, ಅವುಗಳ ತಲೆ ಕಾಲಿಗೆ ತಗುಲದಂತೆ ಒಳಕ್ಕೆ ತಟ್ಟುತ್ತಾರೆ. ಕೊನೆಗೆ, ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವಿನಿಂದ ಹಲಗೆಯ ಮುಂದಿನ ಅಂಚಿನವರೆಗೆ ಕಡ್ಡಿಯಗಲದ ಮುಳ್ಳುಪಟ್ಟಿಯ ಗೆರೆ. ಚುಚ್ಚುವಷ್ಟಿಲ್ಲ, ಕಾಲಿಗೆ ತಿಳಿಯುವಷ್ಟಿದೆ.

ಇವತ್ತೇ ಪರೀಕ್ಷೆ. ರಾಜ್ಯೋತ್ಸವಕ್ಕೆ ಹುಣಸೂರಿನಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿರುವ ಕನಕರಾಜು ಎಸ್‌ಟಿಡಿ ಬೂತಿನಿಂದ ಹೇಳಿಕಳಿಸಿದ್ದಾರೆ: ಶಿವಶಂಕರ ಒಂದೇ ಒಂದು ಸಲ ಹಲಗೆ ನೋಡಲು ಒಪ್ಪಿದ್ದಾನೆ, ಸರಿಹೋಗದಿದ್ದರೆ ಗಿಟಾರ್ ಮೂಲೆಗಿಡುತ್ತಾನಂತೆ. ಕುಳ್ಳಯ್ಯನವರು ಬೆಳಗಿನಿಂದ ಕಾಫಿಯನ್ನೂ ಮುಟ್ಟಿಲ್ಲ.

ಬಿಸಿಲೇರುವ ಹೊತ್ತಿಗೆ ಇಬ್ಬರೂ ಬರುತ್ತಾರೆ. ಕನಕರಾಜು ಜಗಲಿಯಲ್ಲೇ ಡಬ್ಬಿಗಳಿಗೂ ತಾವು ತಂದ ಸ್ಪೀಕರಿಗೂ ವೈರು ಸಿಕ್ಕಿಸುತ್ತಾರೆ. ಶಿವಶಂಕರ ಚಪ್ಪಲಿ ಬಿಟ್ಟು, ಗಿಟಾರ್ ಹೆಗಲಿಗೇರಿಸಿ, ಹಲಗೆಯ ಅಂಚಿಗೆ ಹೆಬ್ಬೆರಳು ಇಡುತ್ತಾನೆ. ಮೆತ್ತನೆಯ ಮೇಲೆ ಕಾಲು ಸರಿಯುತ್ತದೆ, ಗೆರೆ ಸಿಗುತ್ತದೆ, ನಿಲ್ಲುತ್ತದೆ. ಹಿಂದಕ್ಕೆ ಬರುತ್ತದೆ. ಮತ್ತೆ ಗೆರೆ. ಚಿಕ್ಕಬೀರಮ್ಮನ ಮೆಷಿನ್ನು ನಿಂತಿದೆ.

"ಬದು ಆಕ್ಬುಟ್ಟಿದ್ದೀಯಲ್ಲ ಕುಳ್ಳಯ್ಯಣ್ಣ," ಎನ್ನುತ್ತಾನೆ ಶಿವಶಂಕರ, ಮೆಲ್ಲಗೆ.

ಅವನು ಬೇರೆ ಹಾಡು ಆರಿಸುವುದಿಲ್ಲ. ತಾಯಿಯ ಹಾಡನ್ನೇ ಎತ್ತಿಕೊಳ್ಳುತ್ತಾನೆ. ಚರಣದ ಕೊನೆಗೆ ಕಾಲು ಬದುವನ್ನು ದಾಟುತ್ತದೆ, ಅದುಮುತ್ತದೆ. ಆಳದ ಬಾವಿಯಿಂದ ಬಂದಂತೆ ಮಾರ್ದನಿ ಜಗಲಿಯನ್ನೆಲ್ಲ ತುಂಬುತ್ತದೆ. ಡೇರಿಗೆ ಹೋಗಿದ್ದವರು ಖಾಲಿ ಕ್ಯಾನು ಹಿಡಿದು ಬೇಲಿಯಾಚೆ ನಿಂತಿದ್ದಾರೆ, ಯಾರೂ ನಗುತ್ತಿಲ್ಲ. ಹಾಡು ಮುಗಿದ ಮೇಲೆ ಶಿವಶಂಕರ ಕನಕರಾಜು ಕಡೆ ತಿರುಗಿ, ರಾಜ್ಯೋತ್ಸವದ ದಿನ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳುತ್ತಾನೆ. ಕುಳ್ಳಯ್ಯನವರು ಕಣ್ಣಿಗೆ ಹೊಟ್ಟು ಬಿತ್ತೆಂದು ಒಳಗೆ ಹೋಗಿ ಬರುತ್ತಾರೆ. ಬೆಳಗಿನಿಂದ ಅಲ್ಲಿ ಗೊರಡು ಹೊಡೆದೇ ಇರಲಿಲ್ಲ.

ಹುಣಸೂರಿನ ಕಾರ್ಯಕ್ರಮಕ್ಕೆ ಹೋಗುತ್ತೀರಾ, ಮುಂದಿನ ಸಾಲಿನಲ್ಲಿ ಕೂರುತ್ತೀರಾ ಎಂದು ಕೇಳಿದರೆ, ಹೋಗುವುದೇನೋ ಹೌದು, ಮುಂದೆ ಕೂರುವುದಿಲ್ಲ ಎನ್ನುತ್ತಾರೆ. ಈ ಸಲ ಹಿಂದೆಲ್ಲೋ ನಿಂತು ಕೇಳುತ್ತಾರಂತೆ. ಹಲಗೆ ಮಾಡಿದವರು ಇವರೆಂದು ಮೈಕಿನಲ್ಲಿ ಹೇಳಿಸಲು ಕನಕರಾಜು ಹೊರಟರೆ, ಅದೂ ಬೇಡವೆನ್ನುತ್ತಾರೆ. ಮತ್ತೇನು ಬೇಕು?

ಕುಳ್ಳಯ್ಯ ತಣ್ಣಗಾದ ಕಾಫಿಯನ್ನು ಕೊನೆಗೂ ಕೈಗೆತ್ತಿಕೊಳ್ಳುತ್ತಾರೆ. "ಬದುವಿನ ಮ್ಯಾಲೆ ನಡೀವಾಗ ಅವ್ನು ಬದುವಿನ ಇಚಾರ ಮಾಡ್ತಿರ್ನಿಲ್ಲ ಸಾ, ನನ್ ಜೊತೆ ಮಾತಾಡ್ತಿದ್ದ," ಎನ್ನುತ್ತಾರೆ. "ಅಂಗೇ ಆಗ್ಬೇಕು. ಅವ್ನ ಕಾಲು ನನ್ ಅಲ್ಗೇನೇ ಮರ್ತೋಗ್ಬೇಕು."